ತೆಳು ಅಟ್ಟೆಯಲ್ಲಿ ಮಾರಿಕಣಿವೆಗೆ

ಎರಡು ದಿನದಲ್ಲಿ ಚಂದ್ರವಳ್ಳಿಯಿಂದ ಜೋಗಿಮಟ್ಟಿಯ ಗುಡ್ಡಸಾಲು ಹಿಡಿದು ಮಾರಿಕಣಿವೆ ಮುಟ್ಟಬೇಕು. ದಾರಿ ಸರಿಯಿದ್ದರೆ ಮಾತ್ರ ಜನವರಿಯಲ್ಲಿ ಹೈಸ್ಕೂಲು ಹುಡುಗಿಯರ ಚಾರಣ. ಅದನ್ನು ನೋಡಿ ಬರಲು ೨೦೦೯ರ ಡಿಸೆಂಬರಿನಲ್ಲಿ ಮೂವರು ಹೊರಟರು: ಪಿ.ಟಿ. ಟೀಚರ್ ದುರ್ಗಾ, ಚಾರಣ ಸಂಘದ ಕಿರಣ್‌ಕುಮಾರ್, ಅರಣ್ಯ ಇಲಾಖೆಯ ವಾಚರ್ ಜುಂಜಯ್ಯ.

ಕಿರಣ್‌ಕುಮಾರನ ಕಣ್ಣು ದುರ್ಗಾಳ ಶೂ ಮೇಲೆಯೇ ಇತ್ತು. ಅದರ ಅಟ್ಟೆ ರೊಟ್ಟಿಯಷ್ಟು ತೆಳ್ಳಗೆ. ಹಿಮ್ಮಡಿಯಡಿ ಮೆತ್ತೆಯೂ ಇಲ್ಲ. ದಪ್ಪ ಬೂಟಿನಲ್ಲಿ ಮಂಡಿ ನೋಯುತ್ತಿದ್ದ ದುರ್ಗಾ ಎಂಟು ತಿಂಗಳಿಂದ ಊರಿನ ಕೋಟೆಯ ಕಲ್ಲುಗಳ ಮೇಲೆ ಇದರಲ್ಲೇ ನಡೆದು ಪಾದ ಪಳಗಿಸಿದ್ದಳು.

“ಮೇಡಂ, ಇದು ಸ್ಕೂಲ್ ಗ್ರೌಂಡ್ ಅಲ್ಲ. ಬೆನ್ನ ಮೇಲೆ ಹತ್ತು ಕೆಜಿ ಐತೆ. ಅರ್ಧ ದಾರೀಲಿ ಕಾಲು ಕೈಕೊಟ್ರೆ?”

“ಕೊಟ್ರೆ ಹೇಳ್ತೀನಿ ಸರ್.”

ಮೊದಲ ದಿನ ಗಾಳಿಯಂತ್ರಗಳ ಸಾಲು ಹಿಂದೆ ಸರಿಯಿತು. ಮೊಣಕಾಲೆತ್ತರ ಒಣಗಿದ ಬಾದೆಹುಲ್ಲು, ನಡುನಡುವೆ ಕಮರದ ಗಿಡ, ಎಡಕ್ಕೆ ಕೆಳಗೆ ಮಂಜಿನಲ್ಲಿ ಮಸುಕಾದ ಹೊಲಗಳು. ಮಧ್ಯಾಹ್ನ ಜಾಲಿಮುಳ್ಳೊಂದು ಅಟ್ಟೆ ಸೀಳಿ ಪಾದಕ್ಕೆ ನಾಟಿತು. ಜುಂಜಯ್ಯ ಕಿತ್ತು ತೆಗೆದ. ಕಿರಣ್‌ಕುಮಾರ್ ಅಟ್ಟೆಯ ತೂತನ್ನೇ ನೋಡಿದ. ಆ ನೋಟ ಅವಳಿಗೆ ಮುಳ್ಳಿಗಿಂತ ಹೆಚ್ಚು ಚುಚ್ಚಿತು. ಅಲ್ಲಿಂದ ಮುಂದೆ ಅವಳು ನೆಲ ನೋಡಿ, ಸಣ್ಣ ಹೆಜ್ಜೆ ಇಟ್ಟು ನಡೆದಳು.

ಎರಡನೆಯ ದಿನ ಬಿಸಿಲೇರುವ ಹೊತ್ತಿಗೆ ಬೋಳು ಬಂಡೆಯೊಂದು ಅಡ್ಡ ಬಂತು. ಮುಂದಿದ್ದ ಕಿರಣ್‌ಕುಮಾರ್ ಕಾಲಿಟ್ಟ. ಒಸರುನೀರಿಗೆ ಬೆಳೆದ ಹಾವಸೆ.

ಬೂಟು ಜಾರಿತು. ಇಪ್ಪತ್ತಡಿ ಕೆಳಗೆ, ಹೊರಚಾಚಿದ ಕಲ್ಲೊಂದಕ್ಕೆ ತಡೆದು ಅವನು ನಿಂತ. ಮೊಣಕೈ ತರಚಿ ರಕ್ತ.

ಜುಂಜಯ್ಯ ಮೂಗರಳಿಸಿದ. ದನಿ ತಗ್ಗಿಸಿ, “ಮೇಡಮ್ನೋರೆ, ಮಾತಾಡಬ್ಯಾಡ್ರಿ. ಕೆಳಗೆ ಗವಿ ಐತೆ. ಕರಡಿ, ಮರಿ ಅವೆ” ಅಂದ.

ಹಗ್ಗ ಕಟ್ಟಲು ಮರವಿರಲಿಲ್ಲ. ಜುಂಜಯ್ಯ ಸೀಳೊಂದರಲ್ಲಿ ಕಾಲೂರಿ ಕುಂತ. “ಯಾರಾರ ಇಳದು ಕಾಲಿಡಾ ಜಾಗ ತೋರಿಸ್ಬೇಕು. ನನ್ನ ಭಾರ ನೀವು ತಡ್ಯಾಕಾಗಲ್ಲ. ನಿಮ್ಮನ್ನ ನಾನು ತಡೀತೀನಿ.”

ದುರ್ಗಾ ಬೆನ್ನ ಚೀಲ ಇಳಿಸಿ ಸೊಂಟಕ್ಕೆ ಹಗ್ಗ ಬಿಗಿದಳು. ಬಂಡೆಗೆ ಮುಖ ಮಾಡಿ ಇಳಿದಳು. ತೆಳು ಅಟ್ಟೆಯೊಳಗೆ ಕಾಲ್ಬೆರಳುಗಳು ಕಲ್ಲನ್ನು ತಡಕುತ್ತಿದ್ದವು. ನುಣುಪು ತಾಗಿದರೆ ಕಾಲು ಹಿಂದಕ್ಕೆ. ತರಿತರಿ ತಾಗಿದರೆ ಭಾರ ಅದರ ಮೇಲೆ.

ಅವಳು ಹತ್ತಿರ ಬಂದಾಗ ಕಿರಣ್‌ಕುಮಾರ್ ಬಂಡೆಗೆ ಎದೆಯೊತ್ತಿ ನಿಂತಿದ್ದ.

“ಬೂಟು ಬಿಚ್ಚಿ ಸರ್,” ಪಿಸುಗುಟ್ಟಿದಳು. “ಬರಿಗಾಲಲ್ಲಿ ಬರ್ರಿ. ನಾ ಇಟ್ಟಲ್ಲೇ ಇಡ್ರಿ.”

ಅವನು ಒಂದನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡ. ಎರಡನೆಯದು ಕೈ ತಪ್ಪಿತು. ದಡ್, ದಡ್ ಎಂದು ಉರುಳಿ ಗವಿಯ ಬಾಯಿಗೆ ಬಿತ್ತು.

ಕರಡಿ ಗುಟುರು ಹಾಕುತ್ತಾ ಹೊರಬಂತು. ಬೂಟು ಮೂಸಿತು. ತಲೆಯೆತ್ತಿತು.

“ಅಲ್ಲಾಡಬ್ಯಾಡ್ರಿ.” ದುರ್ಗಾ ಉಸಿರಲ್ಲೇ ಅಂದಳು. ಹಿಂಗಾಲ ಮೇಲೆ ನಿಂತ ಕರಡಿ ಬಂಡೆಯನ್ನು ಉಗುರಿನಿಂದ ಕೆರೆಯಿತು. ಆ ಸದ್ದು ಅವಳ ಹಲ್ಲಿಗೇ ತಾಗಿದಂತಾಯಿತು. ಎಷ್ಟು ಹೊತ್ತೋ. ಒಳಗಿನಿಂದ ಮರಿ ಕುಂಯ್‌ಗುಟ್ಟಿತು. ಕರಡಿ ತಿರುಗಿ ಗವಿಯೊಳಗೆ ಹೋಯಿತು.

“ಈಗ.”

ಅವಳು ಹಗ್ಗವನ್ನು ಅವನ ಸೊಂಟಕ್ಕೆ ಕಟ್ಟಿದಳು. ಹಗ್ಗವಿಲ್ಲದೆ ತಾನು ಮೊದಲು ಹತ್ತಿದಳು. ಒಂದೊಂದು ಹೆಜ್ಜೆಗೂ ಹಿಂದಿನಿಂದ ಅವನ ಕೈ ಅವಳು ಬಿಟ್ಟ ಕಲ್ಲನ್ನು ಹಿಡಿಯಿತು, ಆಮೇಲೆ ಪಾದ. ಜುಂಜಯ್ಯ ಕುಂತಿದ್ದ ಸೀಳು ಕೈಗೆ ಸಿಕ್ಕಾಗ ಅವಳು ಬೋರಲಾಗಿ ಬಿದ್ದು ಉಸಿರೆಳೆದಳು.

ಬೂಟಿಲ್ಲದ ಕಾಲಿಗೆ ಟವೆಲು ಸುತ್ತಿಕೊಂಡು ಕಿರಣ್‌ಕುಮಾರ್ ಕುಂಟುತ್ತಾ ಉಳಿದ ದಾರಿ ನಡೆದ. ಬಂಡೆ ತಪ್ಪಿಸಲು ಜುಂಜಯ್ಯ ಗುಡ್ಡದ ಬುಡದಲ್ಲಿ ದನಗಾಹಿಗಳ ಜಾಡು ತೋರಿಸಿದ. ದೂರ ಹೆಚ್ಚು, ಆದರೆ ಮಣ್ಣಿನ ದಾರಿ.

ಸಂಜೆಯ ಬೆಳಕಿನಲ್ಲಿ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು ಹೊಳೆಯಿತು. ಮೀನಿನ ಬಲೆ ಒಣಹಾಕುತ್ತಿದ್ದ ಕಾಟಮ್ಮ ಎಂಬ ಮುದುಕಿ ಮೂವರನ್ನೂ ಕಾಲಿನಿಂದ ತಲೆಯವರೆಗೆ ನೋಡಿ, “ಎಲ್ಲಿಂದ ಬಂದ್ರಿ?” ಎಂದಳು.

“ಚಂದ್ರವಳ್ಳಿಯಿಂದ ಅಜ್ಜಿ.”

“ನಡ್ಕಂಡಾ?” ಮುದುಕಿ ನೀರಿನ ಚೊಂಬು ಮುಂದೆ ಚಾಚಿದಳು. “ಕುಂತ್ಕಳ್ರಿ ಮೊದ್ಲು.”

“ಹುಡುಗೀರ್ನ ಬುಡದ ದಾರೀಲೇ ಕರ್ಕಂಡು ಬರಾಣ,” ಎಂದ ಕಿರಣ್‌ಕುಮಾರ್. ಟವೆಲು ಬಿಚ್ಚುತ್ತಾ, “ಮುಂದೆ ನೀವು ನಡೀರಿ ಮೇಡಂ. ನಾನು ಹಿಂದಿರ್ತೀನಿ.”

ದುರ್ಗಾ ಹೂಂಗುಟ್ಟಿದಳು. ಪಾದಗಳನ್ನು ನೀರಿಗಿಳಿಸಿ ಬಂದ ಗುಡ್ಡಸಾಲಿನ ಕಡೆ ನೋಡಿದಳು. ಆ ಬಂಡೆ ಯಾವುದೆಂದು ಹುಡುಕಿದಳು. ಅಷ್ಟು ದೂರದಿಂದ ಎಲ್ಲ ಗುಡ್ಡಗಳೂ ಒಂದೇ ನೀಲಿಯಾಗಿದ್ದವು.