ಕಲ್ಲುದಾರಿ ತೆರೆಯುವ ಹೊತ್ತು

"ಬಾಗಿಲು ಜೋರಾಗಿ ತಳ್ಳಿ, ಸ್ವಲ್ಪ ಬಿಗಿ ಇದೆ!"

ಒಳಗಿನಿಂದ ಬಂದ ದನಿ ಕೇಳಿದೊಡನೆ ಅವಳ ಕೈ ಬಂದರು ಕಚೇರಿಯ ಬಾಗಿಲ ಹಿಡಿಯ ಮೇಲೇ ನಿಂತುಬಿಟ್ಟಿತು.

ಮೂರು ವರ್ಷ! ಆದರೂ ಆ ದನಿ...

ಬಾಗಿಲು ಒಳಗಿನಿಂದಲೇ ತೆರೆಯಿತು. ಅವನೇ. ಕಿವಿಯ ಪಕ್ಕ ಒಂದಿಷ್ಟು ಬಿಳಿಗೂದಲು ಹೊಸದಾಗಿ ಬಂದಿತ್ತು. ಅಂಗಿಯ ಜೇಬಿನಲ್ಲಿ ಮಾತ್ರ ಎಂದಿನಂತೆ ಶಾಯಿಯ ಕಲೆ.

"ನೀವಾ...?"

"ನಾನೇ. ನೀರಿನ ಮಟ್ಟದ ಮಾಪಕ ಪರೀಕ್ಷೆ ಮಾಡೋಕೆ ಬಂದಿದ್ದೀನಿ. ಬರಬೇಕಾದವರು ಹೆರಿಗೆ ರಜೆಯಲ್ಲಿದ್ದಾರೆ, ಬೇರೆ ಯಾರೂ ಸಿಗಲಿಲ್ಲ."

ತಾನಾಗಿ ಬಂದದ್ದಲ್ಲ ಎಂಬುದು ಅವನಿಗೆ ಚೆನ್ನಾಗಿ ತಿಳಿಯಲಿ ಎಂದೇ ಅಷ್ಟು ಉದ್ದದ ಉತ್ತರ.

ಅವಳು ಚೀಲ ಬಿಚ್ಚುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅಕ್ಕ. ಅಕ್ಕನ ದನಿಗೆ ಸ್ಪೀಕರ್ ಬೇಕಿರಲಿಲ್ಲ.

"ದಂತವೈದ್ಯರ ಮನೆಯವರು ಮತ್ತೆ ಕೇಳಿದ್ರು ಕಣೇ! ಹುಡುಗ ಬಂಗಾರದಂಥವನು. ನಿನ್ನ ಮೂವತ್ತೆರಡು ಹಲ್ಲಿಗೂ ಜೀವನಪೂರ್ತಿ ಚಿಂತೆ ಇಲ್ಲ. ಸಂಜೆ ಆರರೊಳಗೆ ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಸುಮ್ಮನಿದ್ರೆ ಹೂಂ ಅಂತಲೇ ಹೇಳಿಬಿಡ್ತೀನಿ!"

"ಕೆಲಸದಲ್ಲಿದ್ದೀನಕ್ಕಾ..."

ಫೋನ್ ಇಟ್ಟಾಗ ಅವನು ಕಿಟಕಿಯ ಕಡೆ ತಿರುಗಿದ್ದ.

"ಶುಭಾಶಯ," ಎಂದ.

ಎಷ್ಟು ಸುಲಭವಾಗಿ ಅಂದುಬಿಟ್ಟ! ಅವಳು ಉಪಕರಣದ ಮೇಲೆ ಬಗ್ಗಿದಳು. ಕಣ್ಣು ತುಂಬಿದ್ದು ಕಾಣದಿರಲೆಂದು ಬೇಕಾದ್ದಕ್ಕಿಂತ ಹೆಚ್ಚೇ ಬಗ್ಗಿದಳು.

ಹಿಂದಿನ ಸಲ ಅವಳು ಈ ಊರಿಗೆ ಬಂದದ್ದು ಬಂದರಿನ ಕಟ್ಟೆಯಲ್ಲಿ ಸರಕು ತೂಗುವ ಯಂತ್ರಗಳನ್ನು ನೋಡಲು. ಐದು ದಿನದ ಕೆಲಸ. ಸಂಜೆ ಊರು ತೋರಿಸಲೆಂದು ಬಂದರಿನ ಅಧಿಕಾರಿ ಇವನನ್ನು ಜೊತೆ ಮಾಡಿದ್ದರು. ಕಡಲಿನ ಉಬ್ಬರ, ಇಳಿತಗಳನ್ನು ಬರೆದಿಡುವುದು ಇವನ ಕೆಲಸ. ಬಂದರಿನವರೆಲ್ಲ 'ನೀರಪ್ಪ' ಎಂದು ರೇಗಿಸುತ್ತಿದ್ದರು. ದೋಣಿಗೆ ಬಣ್ಣ ಬಳಿಯುವ ಓಣಿ, ಹಳೆಯ ಪುಸ್ತಕ ಮಾರುವ ಸೇತುವೆ, ದೀಪಸ್ತಂಭದ ಮುಗಿಯದ ಮೆಟ್ಟಿಲು... ದೀಪಸ್ತಂಭದ ತುದಿಯಲ್ಲಿ ಅವಳಿಗೆ ತಲೆ ತಿರುಗಿದಾಗ ಅವನು ಕೈ ಹಿಡಿಯಲಿಲ್ಲ. ಗಾಳಿ ಬೀಸುವ ಕಡೆಗೆ ತಾನು ಅಡ್ಡ ನಿಂತ. ಅಷ್ಟೇ.

ಅಷ್ಟಕ್ಕೇ ಅವಳು ಸೋತಿದ್ದಳು.

ನಾಲ್ಕನೆಯ ಸಂಜೆ ಒಂದು ಚೀಟಿ ಕೊಟ್ಟಿದ್ದ. 'ನಾಳೆ ನಡುಗಡ್ಡೆಯ ಬಂಡೆಗೆ ಹೋಗೋಣ. ನೀರಿಳಿದಾಗ ಕಲ್ಲುದಾರಿ ತೆರೆಯುತ್ತದೆ. ನಾಲ್ಕು ಗಂಟೆಗೆ ಬನ್ನಿ. ಒಂದು ಮಾತು ಹೇಳಬೇಕು.'

ಅವಳು ಕಾಲು ಗಂಟೆ ಮೊದಲೇ ಹೋಗಿದ್ದಳು. ದಾರಿಯ ಗುರುತೂ ಇರಲಿಲ್ಲ, ಕಣ್ಣು ಹಾಯುವಷ್ಟು ದೂರ ನೀರು. ಅವನೂ ಇರಲಿಲ್ಲ. ಐದರವರೆಗೆ ಕಾದು ರೈಲು ಹತ್ತಿದಳು. ಆರೂವರೆಗೆ ಅವನ ಫೋನ್ ಬಂತು. ಸಿಟ್ಟಿನಲ್ಲಿ ಕಟ್ ಮಾಡಿದಳು.

ಅದು ಮತ್ತೆ ಬಡಿದುಕೊಳ್ಳಲಿಲ್ಲ. ಇನ್ನೊಂದೇ ಒಂದು ಸಲ ಮಾಡಬಾರದೇ ಎಂದು ಎಷ್ಟು ದಿನ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದಳು!

ಮಾಪಕ ಸರಿಯಾಗಿಯೇ ಇತ್ತು. ವರದಿಯಲ್ಲಿ ವೇಳೆ ಬರೆಯಲು ಗೋಡೆಯ ಕಡೆ ತಲೆ ಎತ್ತಿದಳು. ಅವಳ ಕೈಗಡಿಯಾರದಲ್ಲಿ ಹನ್ನೊಂದೂ ಕಾಲು, ಗೋಡೆಯ ಮೇಲೆ ಒಂಬತ್ತೂ ಕಾಲು.

"ನಿಮ್ಮ ಗಡಿಯಾರ ಎರಡು ಗಂಟೆ ಹಿಂದಿದೆ."

"ಹಿಂದಿಲ್ಲ. ಅದು ಹಡಗಿನವರ ವೇಳೆ. ಈ ದಾರಿಯ ಹಡಗುಗಳಿಗೆಲ್ಲ ಒಂದೇ ಲೆಕ್ಕ ಇರಲಿ ಅಂತ. ನಮ್ಮ ಪುಸ್ತಕದಲ್ಲೂ ಅದನ್ನೇ ಬರೆಯೋದು. ಊರಿನವರಿಗೆ ಹೇಳುವಾಗ ಎರಡು ಗಂಟೆ ಸೇರಿಸಿ..."

ಮಾತು ಅರ್ಧಕ್ಕೇ ನಿಂತಿತು.

ಅವಳು ಪೆನ್ನು ಕೆಳಗಿಟ್ಟಳು.

"ನನಗೆ ಚೀಟಿ ಬರೆಯುವಾಗ... ಸೇರಿಸಿದ್ರಾ?"

ಅವನು ಕಪಾಟಿನಿಂದ ಹಳೆಯ ಪುಸ್ತಕ ಎಳೆದು ಹಾಳೆ ತಿರುವಿದ. ದಿನಾಂಕ ಅವನಿಗೆ ಬಾಯಿಪಾಠವೇ ಆಗಿತ್ತು ಎಂಬುದು ಅವಳ ಗಮನಕ್ಕೆ ಬಂತು. ಅಲ್ಲಿ ಅವನದೇ ದುಂಡು ಅಕ್ಷರ: ಇಳಿತ, ನಾಲ್ಕು ಗಂಟೆ.

"ಅಯ್ಯೋ... ನೋಡಿ ಹಾಗೇ ಬರೆದುಬಿಟ್ಟೆ!"

"ಮತ್ತೆ ನೀವು ಎಷ್ಟು ಹೊತ್ತಿಗೆ ಬಂದ್ರಿ?"

"ನಾನು ಗಂಟೆ ನೋಡಿ ಹೋಗೋನಲ್ಲ, ನೀರು ನೋಡಿ ಹೋಗೋನು. ಆರಕ್ಕೆ ದಾರಿ ತೆರೀತು. ನೀವಿರಲಿಲ್ಲ. ಫೋನ್ ಮಾಡಿದೆ, ಕಟ್ ಮಾಡಿದ್ರಿ. ಅದೇ ಉತ್ತರ ಅಂದ್ಕೊಂಡೆ. ಒಲ್ಲೆ ಅಂದವರನ್ನ ಮತ್ತೆ ಕಾಡೋದು ಹೇಗೆ...?"

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು.

"ಇಡೀ ಕಡಲನ್ನ ಗೆರೆ ತಪ್ಪದೆ ಬರೆದಿಡ್ತೀರಿ. ಒಬ್ಬ ಹೆಣ್ಣನ್ನ ಕರೆಯೋಕೆ ಒಂದು ಗಂಟೆ ಸರಿಯಾಗಿ ಬರೆಯೋಕಾಗಲಿಲ್ವಾ ನೀರಪ್ಪಾ?"

"ನೀವೇನು ಕಡಿಮೆನಾ? ಜಗತ್ತಿನ ಮಾಪಕಗಳನ್ನೆಲ್ಲ ಎರಡೆರಡು ಸಲ ಪರೀಕ್ಷೆ ಮಾಡ್ತೀರಿ. ನನ್ನನ್ನ ಮಾತ್ರ ಒಂದೇ ಸಲಕ್ಕೆ ಕೆಟ್ಟಿದೆ ಅಂತ ಬರೆದು ಹೊರಟುಬಿಟ್ರಿ."

ಅವಳು ಕೇಳಬಹುದಿತ್ತು... ಒಂದೇ ಒಂದು ಮಾತು ಕೇಳಬಹುದಿತ್ತಲ್ಲ!

"ಅವತ್ತು ಏನು ಹೇಳಬೇಕಿತ್ತು?"

"ಈಗ ಹೇಳಬಹುದಾ? ದಂತವೈದ್ಯರು..."

"ಅವರ ವಿಷಯ ಬಿಡಿ. ನಿಮ್ಮದು ಹೇಳಿ."

ಅವನು ಪುಸ್ತಕ ಮುಚ್ಚಿದ.

"ನೀರು ಏರಿದ್ರೆ ಆ ಬಂಡೆಯಿಂದ ತುಂಬ ಹೊತ್ತು ವಾಪಸ್ ಬರೋಕಾಗಲ್ಲ. ನಿಮ್ಮ ಜೊತೆ ಅಷ್ಟು ಹೊತ್ತು ಇರಬೇಕು ಅನ್ನಿಸಿತ್ತು. ಹೋಗ್ತಾ ಹೋಗ್ತಾ... ಅಷ್ಟು ಸಾಲದು ಅನ್ನಿಸ್ತು. ಇರೋವರೆಗೂ ಬೇಕು ಅನ್ನಿಸ್ತು. ಇವತ್ತಿಗೂ ಹಾಗೇ ಅನ್ನಿಸುತ್ತೆ."

ಇಷ್ಟು ಸಾದಾ ಮಾತಿಗೆ ಮೂರು ವರ್ಷ ಹಿಡಿಯಿತಲ್ಲ! ಅವಳು ಫೋನ್ ಒತ್ತಿದಳು.

"ಅಕ್ಕಾ, ಊಹೂಂ."

"ಏನು ಊಹೂಂ? ಬೆಳಿಗ್ಗೆ ನೆಟ್ಟಗೇ ಇದ್ಯಲ್ಲೇ! ಯಾಕೆ ದನಿ ಹೀಗಿದೆ? ಯಾರೇ ಅದು?"

"ಬಂದು ಹೇಳ್ತೀನಿ. ಎರಡು ದಿನ ರಜೆ ಹಾಕ್ತಿದ್ದೀನಿ."

ಅಕ್ಕನ ಮುಂದಿನ ಪ್ರಶ್ನೆಗಳು ಮೇಜಿನ ಮೇಲೆ ಮಗುಚಿಟ್ಟ ಫೋನಿನಲ್ಲೇ ಕರಗಿಹೋದವು.

"ಎರಡು ದಿನದಲ್ಲಿ ಏನೇನು ನೋಡ್ತೀರಿ?" ಅವನ ದನಿಯಲ್ಲಿ ಇನ್ನೂ ಅಳುಕಿತ್ತು. "ದೀಪಸ್ತಂಭ, ಓಣಿ, ಸೇತುವೆ ಎಲ್ಲಾ ನೋಡಿಯಾಗಿದೆ."

"ನಿಮ್ಮ ಮನೆ ನೋಡಿಲ್ಲ."

ಅವನು ಎಷ್ಟೋ ದಿನಗಳಿಂದ ನಗುವನ್ನು ಮರೆತಿದ್ದವನಂತೆ, ನಿಧಾನವಾಗಿ ನಕ್ಕ.

"ಅಮ್ಮ ಇರ್ತಾರೆ. ಮೊದಲು ಬೈತಾರೆ, ಆಮೇಲೆ ಊಟ ಹಾಕ್ತಾರೆ."

"ನನಗ್ಯಾಕೆ ಬೈತಾರೆ?"

"ನಿಮಗಲ್ಲ, ನನಗೆ. ಇಷ್ಟು ತಡವಾಗಿ ಕರ್ಕೊಂಡು ಬಂದೆ ಅಂತ."

"ಬೈಯಲಿ," ಅವಳು ಚೀಲ ಹೆಗಲಿಗೇರಿಸಿದಳು. "ನಾನೂ ಒಂದೆರಡು ಸೇರಿಸ್ತೀನಿ. ನಡೀರಿ."