ಖಾಲಿ ಕೋಣೆಯ ಒಂದು ನಿಮಿಷ

ನಿರೀಕ್ಷಾ ಸಾಕ್ಷ್ಯಚಿತ್ರ ನಿರ್ದೇಶಿಸುತ್ತಿದ್ದಳು, ನಾನು ಸಂಕಲನ ಮಾಡುತ್ತಿದ್ದೆ. ಕ್ಯಾಮೆರಾದ ಹಿಂದಿನಿಂದ ಅವಳು ಕೇಳುವ ಪ್ರಶ್ನೆಗಳನ್ನು ಕತ್ತರಿಸಿ ತೆಗೆಯುವುದು ನನ್ನ ಕೆಲಸ. "ನನ್ನ ದನಿ ಒಂದು ಚೂರೂ ಉಳಿಸಬೇಡ ಮಾರಾಯ," ಎನ್ನುತ್ತಿದ್ದಳು. ಒಂಬತ್ತು ವರ್ಷ ಉಳಿಸಲಿಲ್ಲ. ಹಳೆಯ ಡ್ರೈವ್‌ಗಳನ್ನೂ ಅಳಿಸಿ ಮತ್ತೆ ಬಳಸಿದೆವು.

ಕಳೆದ ಏಪ್ರಿಲ್‌ನಲ್ಲಿ ಅವಳು ನ್ಯುಮೋನಿಯಾದಿಂದ ತೀರಿಕೊಂಡಳು. ಹದಿಮೂರನೆಯ ದಿನದ ಊಟವಾದ ಮೇಲೆ ಅವಳ ತಾಯಿ ಸ್ನೇಹಲತಾ ಆಂಟಿ ಕೇಳಿದರು: "ಅವಳ ದನಿ ನಿನ್ನ ಹತ್ತಿರ ಎಲ್ಲಾದರೂ ಇದೆಯಾ ಶ್ರವಣ್? ಒಂದು ಮಾತಾದರೂ ಸಾಕು."

ಇರಲಿಲ್ಲ. ಕೊನೆಯ ಚಿತ್ರದ ಮೂಲ ರೆಕಾರ್ಡಿಂಗ್‌ಗಳನ್ನೂ, ಅವಳ ಪ್ರಶ್ನೆಗಳನ್ನು ಕತ್ತರಿಸಿದ ಮೇಲೆ ಅಳಿಸಿಬಿಟ್ಟಿದ್ದೆವು.

ಮರುದಿನ ಮಧ್ಯಾಹ್ನ ದೆಹಲಿಯ ಮಯೂರ್ ವಿಹಾರ್‌ನ ಅವರ ಫ್ಲ್ಯಾಟಿಗೆ ಮತ್ತೆ ಹೋದೆ. ಕೊನೆಯ ಚಿತ್ರದ ಸಂದರ್ಶನಗಳನ್ನು ಅವಳು ತನ್ನ ಕೋಣೆಯಲ್ಲೇ ಮಾಡಿದ್ದಳು. ಕತ್ತರಿಸಿದ ಮಾತಿನ ಜಾಗ ತುಂಬಲು ಆ ಕೋಣೆಯ ಬರೀ ಮೌನ ಒಂದು ನಿಮಿಷ ಬೇಕಿತ್ತು. ಫ್ಯಾನ್ ಆರಿಸಿ, ರೆಕಾರ್ಡರ್ ಮೇಜಿನ ಮೇಲಿಟ್ಟು, ಬಾಗಿಲೆಳೆದುಕೊಂಡು ಹೊರಗೆ ನಿಂತೆ. ವಾಪಸ್ ತೆಗೆದುಕೊಂಡಾಗ ಆ ಸೆಖೆಯಲ್ಲೂ ಅದು ತಣ್ಣಗಿತ್ತು. ಹೆಡ್‌ಫೋನಿನಲ್ಲಿ ಕೇಳಿದೆ. ಮೈಕಿನ ತೀರಾ ಹತ್ತಿರ ಯಾರೋ ಉಸಿರಾಡುತ್ತಿದ್ದರು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವರ ಹಾಗೆ.

ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಆಂಟಿಯೇ ಅದನ್ನು ತೆಗೆದುಕೊಂಡು ಕಿವಿಗಿಟ್ಟು, ಕೊನೆಯವರೆಗೂ ಕೇಳಿದರು.

"ಪಾಪ," ಎಂದರು, "ಅವಳಿಗೆ ಕೆಮ್ಮು ಇನ್ನೂ ಹೋಗಿಲ್ಲ."