ಬೆಚ್ಚಗಿದ್ದ ಬೋಗಿ

ನದಿದಂಡೆಯ ಹಳೇ ರೈಲು ಶೆಡ್ಡನ್ನು ವಸ್ತುಸಂಗ್ರಹಾಲಯ ಮಾಡುವ ಕೆಲಸದಲ್ಲಿ ನಾನಿದ್ದೆ. ಮರುದಿನವೇ ಉದ್ಘಾಟನೆ. ಅಲ್ಲಿದ್ದ ಹಳೇ ಬೋಗಿಗಳಲ್ಲೊಂದರೊಳಗೆ ಮಕ್ಕಳನ್ನು ಕೂರಿಸಬಹುದೆಂದು ಸಹಿ ಹಾಕಿದರೆ ನನ್ನ ಕೆಲಸ ಕಾಯಂ. ಒಮ್ಮೆ ಪರೀಕ್ಷಿಸಲೆಂದು ನಿವೃತ್ತ ರೈಲ್ವೆ ಫಿಟ್ಟರ್ ಆದ ಸೋದರಮಾವನನ್ನು ಮಧ್ಯಾಹ್ನ ಕರೆದೊಯ್ದೆ.

ರೈಲು ಬಂದು ನಿಂತಾಗ ಚಕ್ರದ ಅಚ್ಚು ಕಾದಿದೆಯೇ ಎಂದು ಹಿಂಗೈ ತಾಗಿಸಿ ನೋಡುವುದು ಅವರ ಹಳೆಯ ರೂಢಿ. ಈ ಬೋಗಿಗೂ ತಾಗಿಸಿದರು.

"ಈಗ ತಾನೇ ಎಲ್ಲಿಗೆ ಹೋಗಿತ್ತೋ ಇದು?"

"ತಮಾಷೆ ಸಾಕು ಮಾವ. ಮೂವತ್ತು ವರ್ಷದಿಂದ ನಿಂತಲ್ಲೇ ನಿಂತಿದೆ. ಹಿಂದೆ ಮುಂದೆ ಹಳಿನೇ ಇಲ್ಲ."

"ಡಿಗ್ರಿ ತಗೊಂಡಿದ್ದೀಯಲ್ಲ, ಮುಟ್ಟಿ ನೋಡು."

ಮುಟ್ಟಿದೆ. ಪಕ್ಕದ ಬೋಗಿಗಳೆಲ್ಲ ನದಿಗಾಳಿಗೆ ತಣ್ಣಗಿದ್ದವು. ಇದು ಮಾತ್ರ ಬಿಸಿ. ಸೂರಿನ ಕೆಳಗಿದ್ದರೂ ಅದರ ಕಿಟಕಿಗಾಜಿನ ಮೇಲೆ ಮಳೆಹನಿಗಳು ಓಡುವ ರೈಲಿನಲ್ಲಿಯಂತೆ ಓರೆಯಾಗಿ, ಹಿಂದಕ್ಕೆ ಹರಿದಿದ್ದವು. ಹೊರಗೆ ಸುಡುಬಿಸಿಲು.

"ಮಕ್ಕಳನ್ನ ಕೂರಿಸ್ಬಹುದಾ ಮಾವ?"

"ಬೋಗಿ ಗಟ್ಟಿಯಾಗೇ ಇದೆ ಕಣೋ. ಹತ್ತಿದೋರು ಇಲ್ಲೇ ಇಳೀತಾರೆ ಅಂತ ಮಾತ್ರ ನನ್ನ ಕೇಳ್ಬೇಡ."

ನಾನು ಸಹಿ ಹಾಕಲಿಲ್ಲ. ಬೋಗಿಗೆ ಬೀಗ ಬಿತ್ತು, ನನ್ನ ಕೆಲಸವೂ ಹೋಯಿತು. ಈಗಲೂ ಟಿಕೆಟ್ ಕೊಂಡು ಸಂಗ್ರಹಾಲಯದೊಳಗೆ ಹೋಗುತ್ತೇನೆ, ಯಾರೂ ನೋಡದಾಗ ಆ ಅಚ್ಚಿಗೆ ಹಿಂಗೈ ತಾಗಿಸುತ್ತೇನೆ. ಭಾನುವಾರ ಮಾತ್ರ ಅದು ತಣ್ಣಗಿರುತ್ತದೆ; ಅವತ್ತು ಅದಕ್ಕೆ ಓಡಾಟದ ರಜೆಯಿರಬೇಕು.